ಮದುವೆ ಮುರಿದಿದೆ, ಪ್ರಾರ್ಥನೆ ಬರುತ್ತಿಲ್ಲ: ದೇವರ ಮೇಲೆ ಸಿಟ್ಟಾದರೆ ತಪ್ಪೇ?

ಪ್ರಶ್ನೆ: ನಿಶ್ಚಿತಾರ್ಥವಾದ ಮೇಲೆ ಸಂಬಂಧ ಮುರಿದುಬಿತ್ತು. ಇಬ್ಬರದೂ ಒಂದೇ ಚರ್ಚ್. ಪ್ರಾರ್ಥನೆಗೆ ಕೂತರೆ ಅಳು, ಸಿಟ್ಟು ಬಿಟ್ಟು ಬೇರೇನೂ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಆ ಅಳು, ಸಿಟ್ಟನ್ನೇ ಪ್ರಾರ್ಥನೆ ಮಾಡಿಕೊಳ್ಳಿ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರುಗಳೇ. ‘ಸ್ತೋತ್ರ ಹೇಳಮ್ಮ, ಎಲ್ಲಾ ಸರಿಹೋಗುತ್ತೆ’ ಎನ್ನುವವರು ಆ ಪುಟಗಳನ್ನು ಅಷ್ಟಾಗಿ ತೆರೆಯುವುದಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಮಾತನ್ನೇ, ಯಾಕೆ ಕೈಬಿಟ್ಟೆ ಎಂದು (ಮಾರ್ಕ 15:34).

13ನೇ ಕೀರ್ತನೆಯಿಂದ ಶುರುಮಾಡಿ. ಆರೇ ವಚನ, ಬಾಯಿಬಿಟ್ಟು ಓದಿದರೆ ಒಂದು ನಿಮಿಷ ಸಾಕು. ಮೊದಲೆರಡು ವಚನ ಬರೀ ದೂರು; ‘ಇನ್ನೂ ಎಷ್ಟು ದಿನ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನೆರಡು ಬೇಡಿಕೆ: ಇತ್ತ ನೋಡು, ಉತ್ತರ ಕೊಡು. ಕೊನೆಯೆರಡು ಭರವಸೆ. ಓದಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಇದೇ ಕ್ರಮದಲ್ಲಿ ನಿಮ್ಮದನ್ನು ಬರೆಯಿರಿ. ದೂರು ಸ್ಪಷ್ಟವಾಗಿರಲಿ. ‘ನನಗೆ ನೋವಾಗಿದೆ’ ಎಂದರೆ ಸಾಲದು. ‘ಮದುವೆ ಹಾಲ್‌ಗೆ ಕೊಟ್ಟ ಮುಂಗಡ ವಾಪಸ್ ಕೇಳಲು ಅಪ್ಪ ಹೋಗಬೇಕಾಯಿತು, ಆಗ ನೀನೆಲ್ಲಿದ್ದೆ’ ಎಂದೇ ಬರೆಯಿರಿ. ಬೇಡಿಕೆ ಇವತ್ತಿನ ಮಟ್ಟಿಗೆ ಸಾಕು: ರಾತ್ರಿ ನಿದ್ದೆ, ನಾಳೆ ಆಫೀಸಿನಲ್ಲಿ ಕಣ್ಣೀರು ಬಾರದ ಹಾಗೆ. ಹೆಚ್ಚಿನವರು ಎಡವುವುದು ಮೂರನೇ ಭಾಗದಲ್ಲಿ. ಭರವಸೆ ಬಾರದಿದ್ದರೂ ಬಂದಂತೆ ಬರೆದು ಮುಗಿಸುತ್ತಾರೆ, ಆಮೇಲೆ ಪ್ರಾರ್ಥನೆಯೇ ಸುಳ್ಳೆನಿಸುತ್ತದೆ. ಬಾರದಿದ್ದರೆ ಜಾಗ ಖಾಲಿ ಬಿಡಿ. 88ನೇ ಕೀರ್ತನೆ ಕತ್ತಲಲ್ಲೇ ನಿಲ್ಲುತ್ತದೆ. ಅದೂ ಬೈಬಲಿನಲ್ಲೇ ಇದೆ. ಬರೆಯುವುದಕ್ಕೂ ಆಗದ ದಿನ ರೋಮಾಪುರದವರಿಗೆ 8:26 ನೋಡಿ: ಮಾತು ಸೋತಲ್ಲಿ ಪವಿತ್ರಾತ್ಮನೇ ನರಳಾಟದಲ್ಲಿ ನಮಗಾಗಿ ಬೇಡುತ್ತಾನೆ.

ಒಂದೇ ಚರ್ಚ್ ಎಂದಿರಿ. 55ನೇ ಕೀರ್ತನೆಯ 12ರಿಂದ 14ನೇ ವಚನ ಓದಿ: ಅಲ್ಲಿ ಮೋಸ ಮಾಡಿದವನು ಶತ್ರುವಲ್ಲ, ಜೊತೆಯಲ್ಲೇ ದೇವಾಲಯಕ್ಕೆ ನಡೆದ ಆಪ್ತ. ಕೆಲವು ವಾರ ಬೇರೆ ಹೊತ್ತಿನ ಆರಾಧನೆಗೆ ಹೋಗುವುದು, ಕ್ವಾಯರ್‌ನಿಂದ ರಜೆ ಕೇಳುವುದು ನಂಬಿಕೆಯ ಸೋಲಲ್ಲ. ಪಾಸ್ಟರ್ ಅಥವಾ ಫಾದರ್‌ಗೆ ಮಾತ್ರ ನೀವೇ ಮೊದಲು ಹೇಳಿಬಿಡಿ, ಕಾರಣ ವಿವರಿಸಬೇಕಿಲ್ಲ.

ಇನ್ನು ವಾಟ್ಸಾಪ್‌ಗೆ ಬಂದು ಬೀಳುವ ಯೆರೆಮೀಯ 29:11, ನಿಮಗಾಗಿ ನನ್ನ ಯೋಚನೆ ಹಿತದ್ದೇ, ಕೇಡಿನದಲ್ಲ ಎಂದು ದೇವರು ಹೇಳುವ ವಚನ. ‘ದೇವರು ಇದಕ್ಕಿಂತ ಒಳ್ಳೆ ಹುಡುಗನ್ನ ಇಟ್ಟಿದ್ದಾನೆ’ ಎಂಬ ಅರ್ಥ ಅದಕ್ಕಿಲ್ಲ. ಅದು ಬಾಬಿಲೋನಿಗೆ ಸೆರೆಹೋದ ಜನಕ್ಕೆ ಬರೆದ ಪತ್ರ, ಹಿಂದಿನ ವಚನದಲ್ಲೇ ಊರಿಗೆ ಮರಳಲು 70 ವರ್ಷದ ಲೆಕ್ಕವಿದೆ. ನೊವೇನಾ, ಅಂದರೆ ಒಂಬತ್ತು ದಿನ ಅಥವಾ ಒಂಬತ್ತು ವಾರ ಮಾಡುವ ಪ್ರಾರ್ಥನೆ, ಆ ವಿಷಯದಲ್ಲೂ ಎಚ್ಚರ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೋಗಿ ಕೂತು ಬರುವುದು ಒಳ್ಳೆಯದೇ, ಆದರೆ ‘ಒಂಬತ್ತು ವಾರದಲ್ಲಿ ಅವನು ವಾಪಸ್ ಬರಲಿ’ ಎಂದು ಹರಕೆ ಹೊತ್ತರೆ ಹತ್ತನೇ ವಾರ ಎರಡನೇ ಸಲ ಮುರಿಯುತ್ತೀರಿ.

ಕ್ಷಮೆಗೆ ಅವಸರ ಬೇಡ. ರಾತ್ರಿ ಹನ್ನೆರಡಕ್ಕೆ ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದು ಕಳಿಸುವ ಮೆಸೇಜು ಬಹುಪಾಲು ಕ್ಷಮೆಯಲ್ಲ, ಉತ್ತರದ ಆಸೆ.

ಸಾಯಬೇಕೆಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ (1 ಅರಸುಗಳು 19). ಹಾಗಾಗಿ ಈ ವಾರಗಳಲ್ಲಿ ಉಪವಾಸ ಪ್ರಾರ್ಥನೆ ಬೇಡ. ನಿಮಗೂ ಅಂಥ ಯೋಚನೆ ಬಂದರೆ ಪ್ರಾರ್ಥನೆಯ ಜೊತೆಗೇ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ಅವತ್ತೇ ತಿಳಿಸಿ.

ನೋಡಲು ಬರುವವರಿಗೆ, ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರ ಕಥೆ ಹೇಳಿ. ಏಳು ದಿನ ಅವರು ಸುಮ್ಮನೆ ಪಕ್ಕದಲ್ಲಿ ಕೂತಿದ್ದರು. ಕೆಟ್ಟದ್ದೆಲ್ಲ ಬಾಯಿ ತೆರೆದ ಮೇಲೆ.