ಕುದುರೆ ಸಿದ್ಧವಿತ್ತು, ದಮ್ಮು ಸಾಲಲಿಲ್ಲ

ಸುರಂಜನ್ ದಾಸ್ ರಸ್ತೆಯ ಸಿಗ್ನಲ್‌ನಲ್ಲಿ ಕಾಯುವ ಬೆಂಗಳೂರಿಗರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ಕಥೆ ಗೊತ್ತೋ! ವಾಯುಪಡೆಯ ಪರೀಕ್ಷಾ ಪೈಲಟ್ ಆಗಿದ್ದ ದಾಸ್, 1970ರ ಜನವರಿ 10ರಂದು ಇದೇ ಊರಿನಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅದು ಎಚ್‌ಎಎಲ್‌ನ ಯುದ್ಧವಿಮಾನ, ಎಚ್‌ಎಫ್-24 ಮಾರುತ್. ಎಂಜಿನ್ನಿನ ಬಿಸಿ ಹೊಗೆಗೆ ಮತ್ತೆ ಇಂಧನ ಸುರಿದು ಉರಿಸುವ ಆಫ್ಟರ್‌ಬರ್ನರ್ ಜೋಡಿಸಿ, ವಿಮಾನದ ಬಲ ಹೆಚ್ಚಿಸುವ ಪ್ರಯತ್ನ ನಡೆದಿತ್ತು. ತೇಜಸ್ ವಿಮಾನಗಳು ಎಂಜಿನ್‌ಗಾಗಿ ಕಾದು ನಿಂತ ಸುದ್ದಿ ಓದಿದವರಿಗೆ ಇದು ಹೊಸ ರೋಗ ಅನ್ನಿಸಬಹುದು. ಅಲ್ಲ. ಬೇರು ಹುಡುಕುತ್ತ ಹೋದರೆ ಎದುರಾಗುವುದು ಒಬ್ಬ ಜರ್ಮನ್ ರಾವುತ.

ಕುರ್ಟ್ ಟ್ಯಾಂಕ್ ಹುಟ್ಟಿದ್ದು 1898ರಲ್ಲಿ, ಈಗ ಪೋಲೆಂಡಿಗೆ ಸೇರಿದ ಬ್ರೊಂಬರ್ಗ್‌ನಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಹುಡುಗನಿಗೆ ಹಾರುವ ಆಸೆ. ಸಿಪಾಯಿ ಮನೆತನದ ತಂದೆ ಕುದುರೆ ದಳಕ್ಕೇ ಸೇರಿಸಿದರು. ಯುದ್ಧ ಮುಗಿದ ಮೇಲೆ ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಓದಿ, ವಿಮಾನ ಹಾರಿಸಲೂ ಕಲಿತು, ಫೋಕೆ-ವುಲ್ಫ್ ಕಂಪನಿಯ ಮುಖ್ಯ ವಿನ್ಯಾಸಕಾರರಾದರು. ಕುದುರೆ ಮಾತ್ರ ತಲೆಯಿಂದ ಇಳಿಯಲಿಲ್ಲ. ಸ್ಪಿಟ್‌ಫೈರ್, ಮೆಸರ್‌ಶ್ಮಿಟ್ 109ರಂಥ ಯುದ್ಧವಿಮಾನಗಳೆಲ್ಲ ರೇಸ್ ಕುದುರೆಗಳು, ತನಗೆ ಬೇಕಾದದ್ದು ದಂಡಿನ ಕುದುರೆ ಎನ್ನುತ್ತಿದ್ದರು. ಹಳ್ಳಕೊಳ್ಳದ ಮೈದಾನದಲ್ಲೂ ಇಳಿಯಬೇಕು, ಅರೆಬರೆ ಕಲಿತ ಪೈಲಟ್‌ಗೂ ಒಗ್ಗಬೇಕು. ಹೀಗೆ ಹುಟ್ಟಿತು, ಕಾಲು ಅಗಲಿಸಿ ನಿಲ್ಲುವ ಎಫ್‌ಡಬ್ಲ್ಯು 190. 1939ರ ಜೂನ್ 1ರಂದು ಅದು ಮೊದಲ ಸಲ ಹಾರಿದಾಗ ಬಿಎಂಡಬ್ಲ್ಯು ಎಂಜಿನ್ ಎಷ್ಟು ಕಾದಿತೆಂದರೆ, ಪೈಲಟ್ ಕುಳಿತ ಗೂಡಿನಲ್ಲಿ 55 ಡಿಗ್ರಿ ಸೆಲ್ಸಿಯಸ್! ಬೇರೆ ಎಂಜಿನ್ ಕೂರಿಸಿದ ಮೇಲೆ ಅಂಥವು 20,000 ತಯಾರಾದವು, ನಾಜಿ ಆಡಳಿತಕ್ಕಾಗಿ, ಬಲವಂತದ ಕೂಲಿಗಳನ್ನೂ ದುಡಿಸಿಕೊಂಡ ಕಾರ್ಖಾನೆಗಳಲ್ಲಿ. ನಮ್ಮಲ್ಲಿ ಟ್ಯಾಂಕ್ ಗುಣಗಾನ ಮಾಡುವವರು ಈ ಪುಟವನ್ನು ಮೆಲ್ಲಗೆ ಮಗುಚಿಬಿಡುತ್ತಾರೆ.

ಜರ್ಮನಿ ಸೋತಿತು. ಟ್ಯಾಂಕ್ ಸುಳ್ಳು ಹೆಸರಿನಲ್ಲಿ ಅರ್ಜೆಂಟೀನಾ ಸೇರಿ ಪುಲ್ಕಿ-2 ಎಂಬ ಜೆಟ್ ಕಟ್ಟಿದರು. ಎಂಜಿನ್ ಅಲ್ಲೂ ಪರರದೇ, ರೋಲ್ಸ್ ರಾಯ್ಸ್‌ನದು. 1955ರಲ್ಲಿ ಅಧ್ಯಕ್ಷ ಪೆರೋನ್ ಪದಚ್ಯುತರಾದರು. ಮರುವರ್ಷ ಆಗಸ್ಟ್‌ನಲ್ಲಿ ಟ್ಯಾಂಕ್ ಬೆಂಗಳೂರಿನಲ್ಲಿದ್ದರು, ಮಾರುತ್ ವಿನ್ಯಾಸ ಮಾಡಲು.

ಎಚ್‌ಟಿ-2 ತರಬೇತಿ ವಿಮಾನ ಮಾಡಿದ್ದ ಎಚ್‌ಎಎಲ್‌ಗೆ ಶಬ್ದದ ಎರಡರಷ್ಟು ವೇಗದ ಯುದ್ಧವಿಮಾನ ದೊಡ್ಡ ಕನಸು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ದಾಸ್ ನಿಜವಾದ ಮಾರುತ್ ಹಾರಿಸಿದರು. ಕಾಗದದ ಮೇಲೆ ಅದಕ್ಕಿದ್ದುದು ಆಫ್ಟರ್‌ಬರ್ನರ್ ಸಮೇತ 8,170 ಪೌಂಡ್ ನೂಕುಬಲದ ಬ್ರಿಸ್ಟಲ್ ಆರ್ಫಿಯಸ್-12 ಎಂಜಿನ್. ಬ್ರಿಟನ್ ಆ ಎಂಜಿನ್ ಯೋಜನೆಯನ್ನು ಕೈಬಿಟ್ಟಿತು. ಅದನ್ನು ಮುಂದುವರಿಸುವ ಖರ್ಚು ಹೊರಲು ದೆಹಲಿ ಒಪ್ಪಲಿಲ್ಲ. ಕೈಗೆ ಬಂದದ್ದು 4,850 ಪೌಂಡಿನ ಆರ್ಫಿಯಸ್ 703. ಆಗ ಉಳಿಸಿದ ಹಣಕ್ಕೆ ಇಂದಿಗೂ ಬಡ್ಡಿ ಕಟ್ಟುತ್ತಿದ್ದೇವೆ ಎಂದೇ ನನ್ನ ಲೆಕ್ಕ. ಬಲವಾದ ಎಂಜಿನ್‌ಗಾಗಿ ಈಜಿಪ್ಟಿನ ತನಕ ಹೋದದ್ದಾಯಿತು. ಅಲ್ಲಿನ ಇ-300 ಎಂಜಿನ್ನನ್ನು ಮಾರುತ್‌ಗೆ ಕೂರಿಸಿ ಹಾರಿಸಿದರು. 1969ರಲ್ಲಿ ಅದೂ ನಿಂತಿತು. ಮರುವರ್ಷ ದಾಸ್ ಹೋದರು.

ಇಷ್ಟಾದರೂ ವಿಮಾನ ಕೆಟ್ಟದಾಗಿರಲಿಲ್ಲ. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡಿದ ಮಾರುತ್ ಪೈಲಟ್‌ಗಳು ಮೂರು ವೀರಚಕ್ರ ಪಡೆದರು. ಕೆಳಮಟ್ಟದಲ್ಲಿ ಅಲುಗದೆ ಹಾರುತ್ತಿತ್ತು, ಏಟು ತಿಂದರೂ ಮನೆಗೆ ಮರಳುತ್ತಿತ್ತು. ದಂಡಿನ ಕುದುರೆಯೇ ಸರಿ. ಒಟ್ಟು 147 ತಯಾರಾಗಿ, 1990ರ ಹೊತ್ತಿಗೆ ಸೇವೆಯಿಂದ ಮರೆಯಾದವು.

ಆ ಹೊತ್ತಿಗೆ ಬೆಂಗಳೂರಿನಲ್ಲೇ ಕಾವೇರಿ ಎಂಜಿನ್ನಿನ ಕೆಲಸ ಶುರುವಾಗಿತ್ತು. ತೇಜಸ್‌ಗೆ ಅದು ಒದಗಲಿಲ್ಲ. 2001ರಲ್ಲಿ ತೇಜಸ್ ಹಾರಿದ್ದು ಅಮೆರಿಕದ ಜಿಇ ಎಂಜಿನ್ನಿನಿಂದ. 2021ರಲ್ಲಿ ಅಂಥ 99 ಎಂಜಿನ್‌ಗಳಿಗೆ ಆರ್ಡರ್ ಹೋಯಿತು. ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ.

ಟ್ಯಾಂಕ್ 1967ರಲ್ಲೇ ಎಚ್‌ಎಎಲ್ ಬಿಟ್ಟಿದ್ದರು. ಜರ್ಮನಿಗೆ ಮರಳಿ, 1983ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡಾಗ ಅವರಿಗೆ 85. ಆ ನಗರದ ಹೊರವಲಯದ ಶ್ಲೈಸ್‌ಹೈಮ್ ವಿಮಾನ ಸಂಗ್ರಹಾಲಯದಲ್ಲಿ ಬೆಂಗಳೂರಿನಲ್ಲಿ ತಯಾರಾದ ಒಂದು ಮಾರುತ್ ನಿಂತಿದೆ.