ಟಿಕೆಟ್ ಯಾರ ಕೈಯಲ್ಲಿ? ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿ ಆಯ್ಕೆಯ ಹಿನ್ನೆಲೆ

1952ರಲ್ಲಿ ಟೆನೆಸ್ಸಿಯ ಸೆನೆಟರ್ ಎಸ್ಟೆಸ್ ಕಿಫಾವರ್ ಡೆಮಾಕ್ರಟಿಕ್ ಪಕ್ಷದ 15 ಪ್ರೈಮರಿಗಳಲ್ಲಿ (ಟಿಕೆಟ್ ಆಕಾಂಕ್ಷಿಗಳ ನಡುವೆ ರಾಜ್ಯವಾರು ನಡೆಯುವ ಮತದಾನ) 12ನ್ನು ಗೆದ್ದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಾಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರನ್ನೇ ಸೋಲಿಸಿದ್ದರು. ಆದರೆ ಜುಲೈನಲ್ಲಿ ಶಿಕಾಗೋದಲ್ಲಿ ಸೇರಿದ ಪಕ್ಷದ ಮಹಾಸಮಾವೇಶ ಟಿಕೆಟ್ ಕೊಟ್ಟದ್ದು ಅಡ್ಲಾಯ್ ಸ್ಟೀವನ್‌ಸನ್‌ಗೆ. ಕಣಕ್ಕಿಳಿಯಲು ಹಿಂದೇಟು ಹಾಕುತ್ತಲೇ ಇದ್ದ ಇಲಿನಾಯ್ ಗವರ್ನರ್ ಅವರು. ನಿಯಮದ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಜನ ಯಾರನ್ನು ಮೆಚ್ಚುತ್ತಾರೆಂದು ತಿಳಿಯಲು ಪ್ರೈಮರಿ. ಟಿಕೆಟ್ ಯಾರಿಗೆಂದು ತೀರ್ಮಾನಿಸಲು ಪಕ್ಷದ ಮುಖಂಡರು.

ಅಮೆರಿಕದ ಸಂವಿಧಾನದಲ್ಲಿ ಪಕ್ಷಗಳ ಪ್ರಸ್ತಾಪವೇ ಇಲ್ಲ. ಹಾಗಾಗಿ ಅಭ್ಯರ್ಥಿಯನ್ನು ಹೇಗೆ ಆರಿಸಬೇಕೆಂದು ಅದು ಹೇಳುವುದೂ ಇಲ್ಲ. 1800ರ ಹೊತ್ತಿಗೆ ಆ ಕೆಲಸವನ್ನು ಕಾಂಗ್ರೆಸ್‌ನ, ಅಂದರೆ ಅಲ್ಲಿನ ಸಂಸತ್ತಿನ, ಸದಸ್ಯರು ತಮ್ಮ ತಮ್ಮ ಪಕ್ಷದ ಸಭೆಯಲ್ಲಿ ಮುಗಿಸುತ್ತಿದ್ದರು. 1824ರಲ್ಲಿ ಅಂಥ ಸಭೆ ವಿಲಿಯಂ ಕ್ರಾಫರ್ಡ್ ಹೆಸರು ಸೂಚಿಸಿತು. ಸಭೆಗೆ ಬಂದವರೇ ಕಾಲು ಭಾಗ. ಉಳಿದ ಹುರಿಯಾಳುಗಳು ಅದಕ್ಕೆ ಕಿಮ್ಮತ್ತು ಕೊಡದೆ ಕಣದಲ್ಲಿ ಉಳಿದರು. ಅಲ್ಲಿಗೆ ಆ ಪದ್ಧತಿಯ ಕತೆ ಮುಗಿಯಿತು. 1831ರಲ್ಲಿ ಆ್ಯಂಟಿ-ಮೇಸಾನಿಕ್ ಎಂಬ ಸಣ್ಣ ಪಕ್ಷ ಬಾಲ್ಟಿಮೋರ್‌ನಲ್ಲಿ ರಾಷ್ಟ್ರೀಯ ಸಮಾವೇಶ ನಡೆಸಿ ಅಭ್ಯರ್ಥಿಯನ್ನು ಆರಿಸಿತು. ಪಕ್ಷ ಹೆಚ್ಚು ದಿನ ಬಾಳಲಿಲ್ಲ, ಅದರ ಉಪಾಯವನ್ನು ಮಾತ್ರ ದೊಡ್ಡ ಪಕ್ಷಗಳು ಎತ್ತಿಕೊಂಡವು.

ಸಮಾವೇಶಕ್ಕೆ ಬರುವ ಪ್ರತಿನಿಧಿಗಳು ಬಹುಮಟ್ಟಿಗೆ ರಾಜ್ಯ ಮಟ್ಟದ ಧಣಿಗಳ ಆಳುಗಳಾಗಿರುತ್ತಿದ್ದರು. ಡೆಮಾಕ್ರಟರಲ್ಲಿ ಮೂರನೇ ಎರಡರಷ್ಟು ಮತ ಬೇಕೆಂಬ ನಿಯಮ ಬೇರೆ. ಅದು ಎಷ್ಟು ಪೇಚಿಗೆ ಸಿಲುಕಿಸಬಲ್ಲದು ಎನ್ನುವುದು 1924ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಗೊತ್ತಾಯಿತು. ಒಂದು ಕಡೆ ಕ್ಯಾಥೊಲಿಕ್ಕರನ್ನು ದ್ವೇಷಿಸುತ್ತಿದ್ದ ಬಿಳಿಯ ಜನಾಂಗವಾದಿ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಬೆಂಬಲವಿದ್ದ ವಿಲಿಯಂ ಮೆಕಾಡೂ, ಇನ್ನೊಂದು ಕಡೆ ಕ್ಯಾಥೊಲಿಕ್ಕರಾದ ಆಲ್ ಸ್ಮಿತ್. ಇಬ್ಬರೂ ಜಗ್ಗಲಿಲ್ಲ. ಪ್ರತಿ ಸುತ್ತಿನಲ್ಲೂ ಮೊದಲು ಅಲಬಾಮಾದ ಸರದಿ. ಅದರ ಗವರ್ನರ್ ಎದ್ದು ತಮ್ಮ ರಾಜ್ಯದ 24 ಮತ ಅಲ್ಲಿನವರೇ ಆದ ಸೆನೆಟರ್ ಆಸ್ಕರ್ ಅಂಡರ್‌ವುಡ್‌ಗೆ ಎಂದು ಕೂಗುತ್ತಿದ್ದರು. ಸಮಾವೇಶ ರೇಡಿಯೊದಲ್ಲಿ ಬಿತ್ತರವಾಗುತ್ತಿದ್ದರಿಂದ ಆ ಕೂಗು ದೇಶಕ್ಕೆಲ್ಲ ಬಾಯಿಪಾಠವಾಯಿತು. ಕೊನೆಗೆ 103ನೇ ಸುತ್ತಿನಲ್ಲಿ ಜಾನ್ ಡೇವಿಸ್ ಎಂಬ ರಾಜಿ ಅಭ್ಯರ್ಥಿ ಸಿಕ್ಕರು, ನವೆಂಬರ್‌ನಲ್ಲಿ ಹೀನಾಯವಾಗಿ ಸೋತರು. ಮೂರನೇ ಎರಡರ ನಿಯಮ ಹೋದದ್ದು 1936ರಲ್ಲಿ.

ನಿಜವಾದ ತಿರುವು 1968. ವಿಯೆಟ್ನಾಂ ಯುದ್ಧದ ಸಿಟ್ಟಿಗೆ ಬೆದರಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮಾರ್ಚ್ ಕೊನೆಗೆ ಸ್ಪರ್ಧೆಯಿಂದ ಹಿಂದೆ ಸರಿದರು. ಯುದ್ಧವಿರೋಧಿಗಳಾದ ಯೂಜೀನ್ ಮೆಕಾರ್ಥಿ, ರಾಬರ್ಟ್ ಕೆನಡಿ ಪ್ರೈಮರಿಗಳಲ್ಲಿ ಸೆಣಸಿದರು. ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ ಕೆನಡಿಗೆ ಗುಂಡು ಬಿತ್ತು. ಆಗಸ್ಟ್‌ನಲ್ಲಿ ಶಿಕಾಗೋದ ಬೀದಿಯಲ್ಲಿ ಪೊಲೀಸರು ಪ್ರತಿಭಟನಾಕಾರರನ್ನು ಲಾಠಿಯಿಂದ ಬಡಿಯುತ್ತಿದ್ದರೆ, ಸಭಾಂಗಣದೊಳಗೆ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅಭ್ಯರ್ಥಿಯಾದರು. ಅವರು ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಿರಲಿಲ್ಲ. 1952ರಲ್ಲಿ ಜನ ಸಹಿಸಿಕೊಂಡದ್ದನ್ನು ಈ ಸಲ ಟಿವಿಯ ಮುಂದೆ ಕೂತು ನೋಡಿದವರು ಸಹಿಸಲಿಲ್ಲ.

ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ನೇತೃತ್ವದ ಡೆಮಾಕ್ರಟಿಕ್ ಪಕ್ಷದ ಆಯೋಗ ನಿಯಮ ಬದಲಿಸಿತು. ಪ್ರತಿನಿಧಿಗಳ ಆಯ್ಕೆ ಬಹಿರಂಗವಾಗಿ, ಚುನಾವಣೆಯ ವರ್ಷದಲ್ಲೇ ನಡೆಯಬೇಕು ಎಂದಿತು. ಪ್ರೈಮರಿಯನ್ನೇ ನಡೆಸಿ ಎಂದೇನೂ ಅದು ಹೇಳಿರಲಿಲ್ಲ. ಆದರೆ ತಕರಾರಿಲ್ಲದೆ ನಿಯಮ ಪಾಲಿಸಲು ಅದೇ ಸುಲಭದ ದಾರಿ ಎಂದುಕೊಂಡ ರಾಜ್ಯಗಳು ಕಾನೂನು ತಿದ್ದಿದವು. ಆ ಕಾನೂನಿನ ಜೊತೆಗೆ ರಿಪಬ್ಲಿಕನ್ನರೂ ಪ್ರೈಮರಿಗೆ ಬಂದರು. ಈಗ ನಾವು ನೋಡುವ ವ್ಯವಸ್ಥೆಯನ್ನು ಯಾರೂ ಕೂತು ಯೋಜಿಸಿದ್ದಲ್ಲ ಎಂದರೆ ತಪ್ಪಾಗದು. ಅಂದಹಾಗೆ, 1972ರಲ್ಲಿ ಆ ನಿಯಮಗಳಡಿ ಟಿಕೆಟ್ ಗೆದ್ದವರು ಸ್ವತಃ ಮೆಕ್‌ಗವರ್ನ್! ನವೆಂಬರ್‌ನಲ್ಲಿ 49 ರಾಜ್ಯ ಸೋತರು.

ಎಲ್ಲರಿಗಿಂತ ಮೊದಲು ಒಲವು ತಿಳಿಸುವ ರಾಜ್ಯವೆಂದು ಅಯೋವಾಗೆ ಬಂದ ಮಹತ್ವವೂ ಇದೇ ನಿಯಮಗಳ ಉಪಫಲ. ಊರ ಸಭೆಯಿಂದ ಕೌಂಟಿ, ಅಲ್ಲಿಂದ ಜಿಲ್ಲೆ, ರಾಜ್ಯ ಎಂದು ಹಂತ ಹಂತವಾಗಿ ಏರುವ ಪದ್ಧತಿ ಅಲ್ಲಿನದು. ಹೊಸ ನಿಯಮದ ಪ್ರಕಾರ ಪ್ರತಿ ಹಂತಕ್ಕೂ ಸಮಯ ಬೇಕಾದ್ದರಿಂದ ಮೊದಲ ಸಭೆ 1972ರ ಜನವರಿಗೆ ಬಂತು. ಡೆಮಾಕ್ರಟರ ಆ ಸಭೆಗಳಲ್ಲಿ ಗುಪ್ತ ಮತವಿರಲಿಲ್ಲ. ಶಾಲೆಯ ಜಿಮ್‌ನಲ್ಲೋ ಚರ್ಚ್‌ನಲ್ಲೋ ಸೇರಿದ ನೆರೆಹೊರೆಯವರು ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕಿತ್ತು. ಗುಂಪು ಶೇ 15ರಷ್ಟಾಗದಿದ್ದರೆ ಆ ಗುಂಪಿನವರನ್ನು ಉಳಿದವರು ಪುಸಲಾಯಿಸಿ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. 1976ರಲ್ಲಿ ಜಿಮ್ಮಿ ಕಾರ್ಟರ್ ಇಲ್ಲಿಂದಲೇ ಎದ್ದುಬಂದರು. ಅಂದು ಯಾರಿಗೂ ಬದ್ಧರಲ್ಲ ಎಂದವರ ಸಂಖ್ಯೆ ಅವರ ಬೆಂಬಲಿಗರಿಗಿಂತ ಹೆಚ್ಚಿತ್ತೆಂಬುದು ಬೇರೆ ಮಾತು. 2020ರಲ್ಲಿ ಆ್ಯಪ್ ಕೈಕೊಟ್ಟು ಫಲಿತಾಂಶ ದಿನಗಟ್ಟಲೆ ತಡವಾಯಿತು. 2024ಕ್ಕೆ ಡೆಮಾಕ್ರಟರು ಮೊದಲ ಸ್ಥಾನವನ್ನು ಸೌತ್ ಕ್ಯಾರೊಲಿನಾಗೆ ಕೊಟ್ಟರು.

ಕೈಬಿಟ್ಟ ಅಧಿಕಾರವನ್ನು ಮುಖಂಡರು ಸಂಪೂರ್ಣ ಮರೆತಿರಲಿಲ್ಲ. 1984ರಿಂದ ಡೆಮಾಕ್ರಟರಲ್ಲಿ ಸಂಸದರು, ಗವರ್ನರ್‌ಗಳು ಸೂಪರ್‌ಡೆಲಿಗೇಟ್ ಆಗಿ, ಅಂದರೆ ಪ್ರೈಮರಿಯ ಫಲಿತಾಂಶಕ್ಕೆ ಬದ್ಧರಲ್ಲದ ಪ್ರತಿನಿಧಿಗಳಾಗಿ, ಬಂದರು. 2016ರಲ್ಲಿ ಬರ್ನೀ ಸ್ಯಾಂಡರ್ಸ್ ಬೆಂಬಲಿಗರು ಎಬ್ಬಿಸಿದ ಗದ್ದಲದ ಬಳಿಕ, ಪೈಪೋಟಿ ಇರುವಾಗ ಮೊದಲ ಸುತ್ತಿನಲ್ಲಿ ಸೂಪರ್‌ಡೆಲಿಗೇಟ್‌ಗಳು ಮತ ಹಾಕುವಂತಿಲ್ಲ ಎಂದು 2018ರಲ್ಲಿ ನಿಯಮವಾಯಿತು. ರಿಪಬ್ಲಿಕನ್ನರ ದಾರಿ ಬೇರೆ: ಹಲವು ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ ಪ್ರತಿನಿಧಿಗಳು. ಎದುರಾಳಿಗಳು ಮತ ಹಂಚಿಕೊಂಡಿದ್ದ 2016ರಲ್ಲಿ ಡೊನಾಲ್ಡ್ ಟ್ರಂಪ್ ಪ್ರೈಮರಿ ಮತಗಳ ಅರ್ಧಕ್ಕಿಂತ ಕಡಿಮೆ ಪಡೆದೂ ಅಭ್ಯರ್ಥಿಯಾದರು.

ಇಷ್ಟಾದರೂ ಅಂತಿಮವಾಗಿ ಮತ ಹಾಕುವವರು ಪ್ರತಿನಿಧಿಗಳೇ. 2024ರ ಪ್ರೈಮರಿಗಳಲ್ಲಿ ಜೋ ಬೈಡನ್‌ಗೆ 1.4 ಕೋಟಿಗೂ ಹೆಚ್ಚು ಮತ ಬಿದ್ದಿತ್ತು. ಜುಲೈ 21ರಂದು ಅವರು ಹಿಂದೆ ಸರಿದಾಗ ಮರುಚುನಾವಣೆ ನಡೆಯಲಿಲ್ಲ. ಪ್ರತಿನಿಧಿಗಳು ಎರಡೇ ದಿನದಲ್ಲಿ ಕಮಲಾ ಹ್ಯಾರಿಸ್ ಪರ ಸಾಲುಗಟ್ಟಿದರು. ಆಗಸ್ಟ್ ಮೊದಲ ವಾರ ಆನ್‌ಲೈನ್ ಮತದಾನದಲ್ಲಿ ಅವರ ಹೆಸರು ಅಧಿಕೃತವಾಯಿತು. ಶಿಕಾಗೋ ಸಮಾವೇಶ ಆರಂಭವಾಗಲು ಇನ್ನೂ ಎರಡು ವಾರವಿತ್ತು.