ಅಬ್ರಹಾಮನ ‘ಅ’ ತೆಗೆದರೆ ಉಳಿಯುವುದೇನು?

ಆ ಹಿರಿಯರು ನಮ್ಮ ಮನೆಗೆ ಬಂದಿದ್ದು ಒಂದು ಭಾನುವಾರ ಬೆಳಗ್ಗೆ. ಕೈಯಲ್ಲಿ ಬ್ಯಾಂಕಿನ ಹಳೇ ಡೈರಿ. ನಿವೃತ್ತಿಯಾದ ಮೇಲೆ ಆರು ವರ್ಷ ಕೂತು ಬರೆದದ್ದಂತೆ. ಎಡಗಡೆ ಸಂಸ್ಕೃತದ ಒಂದು ಶಬ್ದ, ಬಲಗಡೆ ಬೈಬಲ್ಲಿನ ಒಂದು ಹೆಸರು, ನಡುವೆ ಸ್ಕೇಲ್ ಇಟ್ಟು ಕೆಂಪು ಇಂಕಿನಲ್ಲಿ ಎಳೆದ ಸಮ ಚಿಹ್ನೆ. ಕಾಫಿ ಲೋಟ ಕೆಳಗಿಡುವ ಮೊದಲೇ ಶುರು ಮಾಡಿದರು.

“ಮೇಷ್ಟ್ರೇ, ಅಬ್ರಹಾಂನಲ್ಲಿ ‘ಅ’ ತೆಗೀರಿ. ಏನು ಉಳೀತು?”

“ಬ್ರಹಾಂ” ಎಂದೆ.

“ಅಷ್ಟೇ! ಬ್ರಹ್ಮ. ಹೆಂಡತಿ ಸಾರಾ, ಅಂದ್ರೆ ಸರಸ್ವತಿ. ಯದುವಿನ ಕಡೆಯವರೇ ಯಹೂದಿಗಳು. ಇನ್ನೇನು ಪುರಾವೆ ಬೇಕು?”

ಮೂವತ್ತು ವರ್ಷ ಭಾಷಾವಿಜ್ಞಾನ ಪಾಠ ಮಾಡಿದವನು ನಾನು. ಈ ಮೂರು ಸಮ ಚಿಹ್ನೆಗಳನ್ನು ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ರೈಲಿನಲ್ಲಿ ಕೇಳಿದ್ದೇನೆ, ಈಗ ವಾಟ್ಸಾಪಿನಲ್ಲಿ ವಾರಕ್ಕೊಮ್ಮೆ ಬರುತ್ತವೆ. ಸುಮ್ನೆ ಇರೋಣ ಅಂದುಕೊಳ್ಳುತ್ತೇನೆ, ಆಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಧರ್ಮಗಳ ಮೂಲ ಒಂದೇ ಎಂದು ನಂಬುವವರ ಜೊತೆ ನನಗೆ ಜಗಳವಿಲ್ಲ. ಅದು ನಂಬಿಕೆ, ನನ್ನ ತಕ್ಕಡಿಯಲ್ಲಿ ತೂಗುವಂಥದ್ದಲ್ಲ. ಆದರೆ ‘ಈ ಶಬ್ದ ಆ ಶಬ್ದದಿಂದ ಬಂತು, ಆದ್ದರಿಂದ ಈ ಧರ್ಮ ಆ ಧರ್ಮದಿಂದ ಬಂತು’ ಎಂದಿರೋ, ಸರಕು ನನ್ನ ಅಂಗಡಿಗೇ ಬಂತು. ತೂಗಲೇಬೇಕು.

ಅಬ್ರಹಾಮನನ್ನೇ ತೂಗೋಣ. ಕನ್ನಡ ಬೈಬಲ್ಲಿನ ಆದಿಕಾಂಡದ 17ನೇ ಅಧ್ಯಾಯ ತೆಗೆದು ನೋಡಿ. ಅಲ್ಲಿಯವರೆಗೆ ಅವನ ಹೆಸರು ಅಬ್ರಾಮ. ‘ಹ’ ಬರುವುದೇ ಆಮೇಲೆ. ಅಂದರೆ ಆ ಗ್ರಂಥವೇ ಹೇಳುವ ಹಳೆಯ ಹೆಸರಿನಲ್ಲಿ ಬ್ರಹ್ಮನಿಗೆ ಬೇಕಾದ ‘ಹ’ ಇಲ್ಲ. ಇನ್ನು ಆ ‘ಅ’. ಹೀಬ್ರೂವಿನಲ್ಲಿ ಶಬ್ದದ ಜೀವ ಇರುವುದು ವ್ಯಂಜನಗಳಲ್ಲಿ. ನಾವು ‘ಅ’ ಎಂದು ಕೇಳಿಸಿಕೊಳ್ಳುವ ಕಡೆ ಆಲೆಫ್ ಎಂಬ ವ್ಯಂಜನ ಇದೆ. ಅದರ ಜೊತೆ ಮುಂದಿನ ಅಕ್ಷರ ಸೇರಿದರೆ ‘ಅವ್’, ಹಾಗೆಂದರೆ ಅಪ್ಪ. ‘ಅ’ ತೆಗೆದರೆ ಅಪ್ಪನೇ ಮನೆ ಬಿಟ್ಟು ಹೋಗುತ್ತಾನೆ!

ನಮ್ಮ ಕಡೆಯ ಶಬ್ದಕ್ಕೂ ವಯಸ್ಸು ಕೇಳಬೇಕಲ್ಲ. ಋಗ್ವೇದದಲ್ಲಿ ‘ಬ್ರಹ್ಮನ್’ ಎಂದರೆ ಮಂತ್ರ, ಪ್ರಾರ್ಥನೆ. ನಾಲ್ಕು ಮುಖದ ಸೃಷ್ಟಿಕರ್ತ ಆಮೇಲೆ ಬಂದವನು. ಸಾರಾ ಎನ್ನುವುದು ಒಡತಿ ಎನ್ನುವ ಅರ್ಥದ ಶಬ್ದ, ಈಗಿನ ಇರಾಕಿನ ಕಡೆ ಹಿಂದೆ ಆಡುತ್ತಿದ್ದ ಅಕ್ಕಾಡಿಯನ್ ಭಾಷೆಯಲ್ಲಿ ರಾಜನನ್ನು ಕರೆಯುವ ‘ಶರ್ರು’ ಅದರ ನೆಂಟ. ಸರಸ್ವತಿಯೊಳಗಿನ ‘ಸರಸ್’ ನೀರು, ಕೊಳ.

ಯಹೂದಿಯದು ಇನ್ನೂ ಮಜಾ. ಯೆಹೂದಾ ಎನ್ನುವುದು ಮೊದಲು ಒಂದು ಕುಲದ ಹೆಸರು, ಆಮೇಲೆ ಜೆರುಸಲೇಮಿನ ಸುತ್ತಲಿನ ರಾಜ್ಯದ ಹೆಸರು. ಕ್ರಿ.ಪೂ. 586ರ ಹೊತ್ತಿಗೆ ಬ್ಯಾಬಿಲೋನಿನವರು ಆ ರಾಜ್ಯವನ್ನು ಮುಗಿಸಿದರು. ಪರ್ಷಿಯನ್ನರ ಕಾಲದಲ್ಲಿ ಅದು ‘ಯೆಹುದ್’ ಎಂಬ ಪ್ರಾಂತ್ಯ. ಅಲ್ಲಿಯ ಪುಟ್ಟ ಬೆಳ್ಳಿ ನಾಣ್ಯಗಳ ಮೇಲೆ ಆ ಹೆಸರು ಕಣ್ಣಿಗೆ ಕಾಣುತ್ತದೆ. ನಾವು ಹೇಳುವ ‘ಯಹೂದಿ’ ಅರಬ್ಬಿ, ಪಾರ್ಸಿ, ಉರ್ದುಗಳನ್ನು ದಾಟಿ ನಮ್ಮ ಬಾಯಿಗೆ ಬಂದದ್ದು. ಅಷ್ಟು ದೂರ ಪ್ರಯಾಣ ಮಾಡಿ ಬಂದ ರೂಪವನ್ನು ಹಿಡಿದು ಯದುವಿನ ಪಕ್ಕ ನಿಲ್ಲಿಸಿ ‘ನೋಡಿ, ಅಣ್ಣತಮ್ಮಂದಿರ ಥರ ಇದ್ದಾರೆ’ ಎಂದರೆ ಹೇಗೆ?

ಇಷ್ಟು ಹೇಳಿದ ಮೇಲೂ ಅವರು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯನ್ನೇ. “ಅದೆಲ್ಲ ಸರಿ ಮೇಷ್ಟ್ರೇ. ಆದ್ರೆ ಕಿವಿಗೆ ಒಂದೇ ಥರ ಕೇಳುತ್ತಲ್ವಾ?”

ಕೇಳುತ್ತದೆ. ಅದಕ್ಕೇ ಕಿವಿಯನ್ನು ನಂಬಬಾರದು. ಸಂಸ್ಕೃತದ ‘ದೇವ’ ಮತ್ತು ಲ್ಯಾಟಿನ್ನಿನ ‘ದೇಉಸ್’ ನಿಜವಾದ ಬಂಧುಗಳು. ಅದೇ ಅರ್ಥದ ಗ್ರೀಕ್ ಶಬ್ದ ‘ಥೆಓಸ್’ ಕೇಳಲು ಅವರ ತಮ್ಮನ ಹಾಗೇ ಇದೆ, ಆದರೆ ಆ ಮನೆಯವನಲ್ಲ. ಇತ್ತ ನಮ್ಮ ‘ಚಕ್ರ’ ಮತ್ತು ಇಂಗ್ಲಿಷಿನ ‘ವೀಲ್’ ತಗೊಳ್ಳಿ. ಒಂದು ಅಕ್ಷರವೂ ಹೋಲುವುದಿಲ್ಲ, ಆದರೂ ಒಂದೇ ಬೇರಿನಿಂದ ಬಂದವು. ನೆಂಟಸ್ತನ ಗೊತ್ತಾಗುವುದು ಕ್ರಮದಿಂದ. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪೂ ಹೂವು, ಪುಲಿ ಹುಲಿ, ಪಲ್ ಹಲ್ಲು. ಒಂದು ಕಡೆ ‘ಪ’ ಇದ್ದಲ್ಲಿ ಇನ್ನೊಂದು ಕಡೆ ‘ಹ’, ಸಾಲಾಗಿ, ಒಂದಾದ ಮೇಲೊಂದು. ಜೊತೆಗೆ ಹಳಗನ್ನಡದಲ್ಲಿ ಆ ‘ಪ’ ಇನ್ನೂ ಹಾಗೇ ಕೂತಿದೆ, ಸಾಕ್ಷಿ ಹೇಳುತ್ತದೆ. ಡೈರಿಯಲ್ಲಿ ನನಗೆ ಬೇಕಾಗಿದ್ದು ಇಂಥ ಸಾಲು. ಅಲ್ಲಿದ್ದದ್ದು ಒಂದು ಕಡೆ ‘ಅ’ ಬಿಟ್ಟು, ಇನ್ನೊಂದು ಕಡೆ ‘ಹ’ ಸೇರಿಸಿ, ಮತ್ತೊಂದು ಕಡೆ ಅರ್ಧ ಶಬ್ದವನ್ನೇ ನುಂಗಿದ ಲೆಕ್ಕ. ಬ್ಯಾಂಕಿನಲ್ಲಿ ಯಾರಾದರೂ ಇಂಥ ಲೆಡ್ಜರ್ ತಂದಿದ್ದರೆ ಸಹಿ ಹಾಕ್ತಿದ್ರಾ ಎಂದು ಕೇಳಿದೆ. ನಕ್ಕರು.

ಬೆಂಗಳೂರಿನ ಕಥೆ ನಿಮಗೆ ಗೊತ್ತೇ ಇದೆ. ಹೊಯ್ಸಳ ಬಲ್ಲಾಳ ಹಸಿದು ಬಂದ, ಅಜ್ಜಿ ಬೆಂದ ಕಾಳು ಕೊಟ್ಟಳು, ಬೆಂದಕಾಳೂರಾಯಿತು. ಕೇಳಲು ಚೆನ್ನಾಗಿದೆ. ಆದರೆ ಬೇಗೂರಿನಲ್ಲಿ ಕ್ರಿ.ಶ. 890ರ ಹೊತ್ತಿನ ಶಾಸನವೊಂದಿದೆ, ಅದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಬಲ್ಲಾಳ ಹುಟ್ಟುವುದಕ್ಕೆ ಇನ್ನೂ ಇನ್ನೂರು ವರ್ಷಕ್ಕಿಂತ ಜಾಸ್ತಿ ಇತ್ತು. ನಮ್ಮ ಊರಿನ ಹೆಸರೇ ನಮ್ಮನ್ನು ಹೀಗೆ ಯಾಮಾರಿಸುತ್ತದೆ.

ಡೈರಿಯ ಮೊದಲ ಪುಟದಲ್ಲಿ ಒಂದು ಒಕ್ಕಣೆ ಇತ್ತು: ‘ಪಾಶ್ಚಾತ್ಯರು ಮುಚ್ಚಿಟ್ಟ ಸತ್ಯ’. ಅದನ್ನು ಓದಿ ನನಗೆ ನಿಜಕ್ಕೂ ನಗು ಬಂತು. ಈ ಮಾತನ್ನು ಹೊರಡಿಸಿದವರೇ ಪಾಶ್ಚಾತ್ಯರು. ಅರಿಸ್ಟಾಟಲನ ಶಿಷ್ಯ ಕ್ಲಿಯಾರ್ಕಸ್ ಎಂಬ ಗ್ರೀಕ, ಯಹೂದಿಗಳು ಭಾರತದ ತತ್ವಜ್ಞಾನಿಗಳ ವಂಶದವರು, ಭಾರತದಲ್ಲಿ ಅವರಿಗೆ ‘ಕಲನೋಯ್’ ಎನ್ನುತ್ತಾರೆ ಎಂದು ಬರೆದಿದ್ದ. ಒಂದನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಅದನ್ನು ಉಳಿಸಿಕೊಟ್ಟಿದ್ದಾನೆ. ಕಲನೋಸ್ ಅಲೆಕ್ಸಾಂಡರನ ಜೊತೆ ಹೋಗಿ ಚಿತೆ ಏರಿದ ಒಬ್ಬ ಸಂನ್ಯಾಸಿಯ ಹೆಸರು. ಒಬ್ಬನ ಹೆಸರು ಇಡೀ ಪಂಗಡದ ಹೆಸರಾಗಿಹೋಯಿತು! 1869ರಲ್ಲಿ ಜಾಕೋಲಿಯೋ ಎಂಬ ಫ್ರೆಂಚ್ ನ್ಯಾಯಾಧೀಶ, ಚಂದ್ರನಗರದಲ್ಲಿ ಕೆಲಸ ಮಾಡಿದವನು, ಬೈಬಲ್ಲಿನ ಮೂಲವೇ ಭಾರತ ಎಂದು ಪುಸ್ತಕ ಬರೆದ. ನಮ್ಮವರು ಅವನನ್ನು ಓದಿದರು, ಅವನ ಹೆಸರು ಮರೆತರು, ಮಾತು ಮಾತ್ರ ಇಟ್ಟುಕೊಂಡರು.

ಎಲ್ಲಕ್ಕಿಂತ ನನಗೆ ಇಷ್ಟವಾದ ಕಥೆ ವಿಲ್ಫರ್ಡನದು. ಪಾಠದಲ್ಲಿ ಇದನ್ನು ಹೇಳದೆ ಬಿಟ್ಟ ವರ್ಷವೇ ಇಲ್ಲ. 18ನೇ ಶತಮಾನದ ಕೊನೆ, ಕಾಶಿ. ಫ್ರಾನ್ಸಿಸ್ ವಿಲ್ಫರ್ಡ್ ಎಂಬ ಕಂಪನಿ ಸರ್ಕಾರದ ಸೇನಾಧಿಕಾರಿಗೆ ಪುರಾಣಗಳಲ್ಲಿ ಬೈಬಲ್ಲಿನ ಜಲಪ್ರಳಯದ ನೋಹ ಮತ್ತು ಅವನ ಮೂರು ಮಕ್ಕಳು ಸಿಗಲೇಬೇಕು ಎಂಬ ಹಟ. ಬೈಬಲ್ಲಿನ ಕಥೆಗಳನ್ನು ತಾನೇ ಪಂಡಿತರ ಎದುರು ಹೇಳುವುದು, ‘ಹೀಗೇನಾದರೂ ನಿಮ್ಮಲ್ಲಿದೆಯೇ’ ಎಂದು ಕೇಳುವುದು. ಸಂಬಳ ಕೊಡುವ ಸಾಹೇಬ ಅಷ್ಟು ಆಸೆಯಿಂದ ಕೇಳಿದರೆ ಇಲ್ಲ ಅನ್ನುವುದು ಹೇಗೆ? ಸಿಕ್ಕಿತು. ಪದ್ಮಪುರಾಣದಲ್ಲಿ ಸತ್ಯವರ್ಮ, ಅವನಿಗೆ ಶರ್ಮ, ಚರ್ಮ, ಜ್ಯಾಪೇತಿ ಎಂದು ಮೂವರು ಮಕ್ಕಳು. ಬೈಬಲ್ಲಿನ ಶೇಮ್, ಹಾಮ್, ಯೆಫೆತ್! ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದ ವಿಲಿಯಂ ಜೋನ್ಸನಂಥ ಜಾಣನೂ ಅದನ್ನು ನಂಬಿ ಅಚ್ಚು ಹಾಕಿಸಿದ. ಆಮೇಲೆ ಹಸ್ತಪ್ರತಿಗಳನ್ನು ಮತ್ತೆ ತಿರುವಿ ಹಾಕುವಾಗ ವಿಲ್ಫರ್ಡನಿಗೆ ಹೆಸರುಗಳನ್ನು ಕೆರೆದು ತಿದ್ದಿದ್ದು ಕಂಡಿತು. ಪಂಡಿತನನ್ನು ಕೇಳಿದರೆ, ಪುರಾಣ ಅಸಲಿ ಎಂದು ಆಣೆ ಮಾಡಲು ಅವನು ಹತ್ತು ಜನ ಬ್ರಾಹ್ಮಣರನ್ನೇ ಕರೆತಂದ. 1805ರಲ್ಲಿ ವಿಲ್ಫರ್ಡ್ ತಾನು ಮೋಸಹೋದೆನೆಂದು ತಾನೇ ಬರೆದು ಅಚ್ಚು ಹಾಕಿಸಿದ. ಅದಕ್ಕೆ ಗುಂಡಿಗೆ ಬೇಕು. ಜೋನ್ಸ್ ಅಷ್ಟೊತ್ತಿಗೆ ತೀರಿಕೊಂಡಿದ್ದ.

“ಭವಿಷ್ಯಪುರಾಣದಲ್ಲಿ ಆದಮ, ಹವ್ಯವತೀ, ನ್ಯೂಹ ಅಂತಲೇ ಇದೆಯಲ್ಲ?” ಎಂದರು ಹಿರಿಯರು. ಇದೆ, ಪ್ರತಿಸರ್ಗ ಪರ್ವದಲ್ಲಿದೆ. ಅದೇ ಪರ್ವದಲ್ಲಿ ರವಿವಾರಕ್ಕೆ ‘ಸಂಡೇ’, ಫಾಲ್ಗುಣಕ್ಕೆ ‘ಫರ್ವರೀ’, ಷಷ್ಟಿಗೆ ‘ಸಿಕ್ಸಟೀ’ ಎನ್ನುತ್ತಾರೆ ಎಂಬ ಶ್ಲೋಕವೂ ಇದೆ. ಇಂಗ್ಲಿಷಿನವರನ್ನು ಕಂಡವರು ಸೇರಿಸಿದ ಭಾಗ ಅದು ಎನ್ನಲು ದೊಡ್ಡ ಪಾಂಡಿತ್ಯವೇನೂ ಬೇಡ.

ಹಾಗಾದರೆ ಸಂಬಂಧವೇ ಇಲ್ಲವೇ? ಇದೆ, ಚೆನ್ನಾಗೇ ಇದೆ. ಆದರೆ ಅದು ಬಂದದ್ದು ದೇವರ ಹೆಸರಿನಲ್ಲಲ್ಲ, ಮೂಟೆಗಳಲ್ಲಿ. ಬೈಬಲ್ಲಿನ ಎಸ್ತೇರಳ ಪುಸ್ತಕದ ಮೊದಲ ಸಾಲಿನಲ್ಲೇ ‘ಹೋದು’ವಿನಿಂದ ಆಫ್ರಿಕಾದ ಕೂಷಿನವರೆಗೆ 127 ಪ್ರಾಂತ್ಯ ಆಳಿದ ರಾಜ ಬರುತ್ತಾನೆ. ಹೋದು ಎಂದರೆ ನಾವೇ, ಸಿಂಧು ಪರ್ಷಿಯನ್ನರ ಬಾಯಲ್ಲಿ ಹಿಂದು ಆಗಿ ಹೀಬ್ರೂವಿಗೆ ಹೋದದ್ದು. ಅದೇ ಅಧ್ಯಾಯದಲ್ಲಿ ಅರಮನೆಗೆ ಕಟ್ಟಿದ ‘ಕರ್ಪಸ್’ ಬಟ್ಟೆ ನಮ್ಮ ಕಾರ್ಪಾಸ, ಹತ್ತಿ. ಸೊಲೊಮೋನನ ಹಡಗುಗಳು ತಂದ ‘ತುಕ್ಕಿ’ ಎಂಬ ಪ್ರಾಣಿ ನವಿಲು, ಆ ಹೆಸರು ತಮಿಳಿನ ‘ತೋಕೈ’ ಎಂದು ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ 1856ರಲ್ಲಿ ಹೇಳಿದ. ಇದನ್ನು ಒಪ್ಪದವರೂ ಇದ್ದಾರೆ, ನಾನು ‘ಬಹುಶಃ’ ಎಂದು ಸೇರಿಸಿಯೇ ಹೇಳುತ್ತೇನೆ. ಕನ್ನಡದಲ್ಲಿ ಬಾಲಕ್ಕೆ ‘ತೋಕೆ’ ಎನ್ನುವ ಮಾತು ಇನ್ನೂ ಇದೆ.

ಮಂಗಳೂರಿನದು ಇನ್ನೂ ಹತ್ತಿರದ ವಿಷಯ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯಾ ಕಡೆಯ ಯಹೂದಿ ವ್ಯಾಪಾರಿ ಅಲ್ಲಿ ಸುಮಾರು 17 ವರ್ಷ ಇದ್ದ. ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಯೆಮೆನ್‌ನ ಬಂದರು ಏಡನ್‌ನಿಂದ ಒಡೆದ ಪಾತ್ರೆ ಬರುತ್ತಿತ್ತು, ಹೊಸದು ಮಾಡಿ ಕಳಿಸುತ್ತಿದ್ದ. ಇಲ್ಲಿಂದ ಮೆಣಸು, ಕಬ್ಬಿಣ, ಅಡಿಕೆ. ಅಲ್ಲಿಂದ ಅವನ ಮನೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ. 1132ರ ಅಕ್ಟೋಬರಿನಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವನ್ನು ಮಂಗಳೂರಿನಲ್ಲೇ ಬರೆದ. ದೇವರ ಹೆಸರಿರುವ ಕಾಗದ ಎಸೆಯಬಾರದು ಎಂಬ ಯಹೂದಿಗಳ ಪದ್ಧತಿಯಿಂದಾಗಿ ಅವನ ಕಾಗದಪತ್ರಗಳು ಕೈರೋದ ಸಿನಗಾಗಿನ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರದ, ಕೋಣೆಯೊಂದರಲ್ಲಿ ಉಳಿದುಕೊಂಡವು.

ಹಿರಿಯರು ಇದನ್ನು ಬಾಯಿ ಬಿಟ್ಟುಕೊಂಡು ಕೇಳಿದರು. ಡೈರಿಯಲ್ಲಿ ಹೊಸ ಪುಟ ತೆಗೆದು ಮಂಗಳೂರು, ಅಡಿಕೆ, ಒಣದ್ರಾಕ್ಷಿ ಎಲ್ಲ ಬರೆದುಕೊಂಡರು. ಈ ಸಲ ಸಮ ಚಿಹ್ನೆ ಹಾಕಲಿಲ್ಲ. ನನಗೆ ಭಾರೀ ಖುಷಿಯಾಯಿತು.

ಮುಂದಿನ ಬುಧವಾರ ರಾತ್ರಿ ಒಂಬತ್ತೂವರೆಗೆ ಫೋನು.

“ಮೇಷ್ಟ್ರೇ, ಮಲಗಿದ್ರಾ? ಆ ಅಶು ಅಂದ್ರಲ್ಲ... ಅದು ನಮ್ಮ ಆಶಾ ಅಲ್ವಾ?”

ಭಾನುವಾರ ಕಾಫಿಗೆ ಬನ್ನಿ ಎಂದೆ.